ಬಂಗಾರ ಹೋಯಿತು, ತುಕ್ಕು ಉಳಿಯಿತು

ಬಂಗಾರಪೇಟೆಯಲ್ಲಿ ಕವಲೊಡೆಯುವ ರೈಲುಹಳಿ ಮಾರಿಕುಪ್ಪಂನಲ್ಲಿ ಕೊನೆಯಾಗುತ್ತದೆ. ಅಲ್ಲಿ ಇಳಿದು ಸುತ್ತ ಕಣ್ಣು ಹಾಯಿಸಿದರೆ ಬೂದು ಬಣ್ಣದ, ನೆತ್ತಿ ಸಪಾಟಾದ ದಿಬ್ಬಗಳು ಕಾಣುತ್ತವೆ. ಬೆಟ್ಟವೆಂದುಕೊಂಡರೆ ಮೋಸ ಹೋದಿರಿ! ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ಹುಡಿಯ ರಾಶಿ ಅದು. ಗಾಳಿ ಬೀಸಿದರೆ ಈ ಹುಡಿ ಮನೆಯೊಳಗೇ ಬಂದು ಕೂರುತ್ತದೆ.

ಶ್ರೀನಿವಾಸಪುರಕ್ಕೆ ಮಾವು, ಮಾಲೂರಿಗೆ ಇಟ್ಟಿಗೆ-ಹೆಂಚು ಹೆಸರು ತಂದಂತೆ ಈ ಊರಿಗೆ ಹೆಸರು ತಂದದ್ದು ಚಿನ್ನ. ಅದೇ ಕೋಲಾರ ಚಿನ್ನದ ಗಣಿ, ಕೆಜಿಎಫ್. 2001ರ ಫೆಬ್ರುವರಿ 28ರಂದು ಗಣಿಯ ಬಾಗಿಲು ಮುಚ್ಚಿತು. ತೊಟ್ಟಿಲುಗಳನ್ನು ಪಾತಾಳಕ್ಕೆ ಇಳಿಸುತ್ತಿದ್ದ ಉಕ್ಕಿನ ಗೋಪುರಗಳು, ಯಂತ್ರದ ಮನೆಗಳು, ಉಗ್ರಾಣಗಳು, ಕಾರ್ಯಾಗಾರಗಳು ಅಂದಿನಿಂದ ಮೌನವಾಗಿವೆ.

1875ರಲ್ಲಿ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಇಲ್ಲಿ ಗಣಿ ಹುಡುಕಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರು ಬಂದರು. ಆಳಕ್ಕಿಳಿದು ಬಂಡೆ ಒಡೆದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಬಡವರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದು ಮೂರು ವರ್ಷದ ನಂತರ!

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ತಂಪು ಗಾಳಿಯನ್ನು ಯಂತ್ರದಿಂದ ಕೆಳಗೆ ತಳ್ಳಬೇಕಿತ್ತು. ಒತ್ತಡ ತಾಳದೆ ಬಂಡೆಗಳು ಸಿಡಿದು ಜೀವ ತೆಗೆದದ್ದುಂಟು. ಕಲ್ಲಿನ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್‌ಗೆ ತುತ್ತಾದವರ ಕಥೆ ಬೇರೆಯೇ ಇದೆ. ಇದೇ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಜಾಡು ಹಿಡಿದರು ಎಂಬುದು ಎಷ್ಟು ಮಂದಿಗೆ ಗೊತ್ತು?

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ಆ ಹೊತ್ತಿಗಾಗಲೇ ಅದಿರಿನ ಸತ್ವ ಕುಗ್ಗಿತ್ತು, ತೆಗೆಯುವ ಖರ್ಚು ಏರಿತ್ತು. ಒಟ್ಟು 800 ಟನ್ನಿನಷ್ಟು ಚಿನ್ನ ಕೊಟ್ಟ ನೆಲ ಕಡೆಗೆ ನಷ್ಟದ ಲೆಕ್ಕ ಸೇರಿತು.

ಗಣಿ ನಿಂತರೂ ಜನ ಊರು ಬಿಡಲಿಲ್ಲ. ಮಕ್ಕಳು ಮೊಮ್ಮಕ್ಕಳು ನಸುಕಿನ ರೈಲು ಹಿಡಿದು, ಮಾಲೂರು ದಾಟಿ, ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ ಮರಳುತ್ತಾರೆ. ಅಜ್ಜ ನೆಲದೊಳಗೆ ಇಳಿದು ದುಡಿದರೆ ಮೊಮ್ಮಗನ ಆಯುಷ್ಯ ಹಳಿಯ ಮೇಲೆ ಸವೆಯುತ್ತಿದೆ.

ಕಾರ್ನ್‌ವಾಲ್‌ನ ಪಾಳುಬಿದ್ದ ಗಣಿಕಟ್ಟಡಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿನ ಪ್ರವಾಸಿಗೆ ಅದು ಅಜ್ಜನ ಕಾಲದ ಹೆಮ್ಮೆ. ಅದೇ ಗಣಿಗಾರರು ಬಂದು ದುಡಿದ ನಮ್ಮ ಗಣಿಗೆ ಆ ಭಾಗ್ಯವಿಲ್ಲ. ತುಕ್ಕು ಹಿಡಿದ ಗೋಪುರ ಗುಜರಿ ಕಬ್ಬಿಣವೆಂದು ತೂಕಕ್ಕೆ ಹೋಗುವುದು ಸುಲಭ. ಅದರ ಜೊತೆ ಹೋಗುವ ನೆನಪಿಗೆ ತೂಕವೆಲ್ಲಿದೆ? ಒಂದು ಗೋಪುರ, ಒಂದು ಯಂತ್ರದ ಮನೆ, ಒಂದು ಉಗ್ರಾಣವನ್ನಾದರೂ ಉಳಿಸಿ, ಅಲ್ಲಿ ದುಡಿದವರ ಹೆಸರುಗಳನ್ನು ಬರೆದಿಟ್ಟರೆ ಸಾಕು. ಮಾರಿಕುಪ್ಪಂನಲ್ಲಿ ರೈಲು ಇಳಿದ ಮಗು “ಇಲ್ಲಿ ಏನಿತ್ತು?” ಎಂದು ಕೇಳಿದಾಗ ತೋರಿಸಲು ದೂಳಿನ ದಿಬ್ಬವೊಂದೇ ಉಳಿಯಬಾರದು.