ಒಬ್ಬರಿಗೆ 60 ಲಕ್ಷ, ಇನ್ನೊಬ್ಬರಿಗೆ 30

ಜವನಗೊಂಡನಹಳ್ಳಿಯ ಹುಡುಗಿಯೊಬ್ಬಳು ಪಿಎಚ್‌ಡಿ ಮುಗಿಸಿ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿ ಆದಳು ಅಂದುಕೊಳ್ಳಿ. ಅವಳ ಊರಿರುವ ಚಿತ್ರದುರ್ಗ ಜಿಲ್ಲೆಯೂ ಅದೇ ವಿವಿಯ ವ್ಯಾಪ್ತಿಗೆ ಬರುತ್ತೆ. ಸಂಬಳ ಬರುತ್ತೆ, ಪಾಠ ನಡೆಯುತ್ತೆ. ಆದರೆ ಉಪಕರಣ, ರಾಸಾಯನಿಕ, ಓಡಾಟ... ಸಂಶೋಧನೆಗೆ ದುಡ್ಡು ಎಲ್ಲಿಂದ?

ಹೊಸದಾಗಿ ನೇಮಕವಾದ ಅಧ್ಯಾಪಕರಿಗೆಂದೇ ಯುಜಿಸಿ 2022ರಲ್ಲಿ ಡಿ.ಎಸ್. ಕೊಠಾರಿ ಹೆಸರಿನ ಅನುದಾನ ಪ್ರಕಟಿಸಿತು. ಎರಡು ವರ್ಷಕ್ಕೆ 10 ಲಕ್ಷ. ಇಡೀ ದೇಶದಲ್ಲಿ 132 ಜನರಿಗೆ, ಅಷ್ಟೇ!

ವಿಜ್ಞಾನದಲ್ಲಿ ಹೆಣ್ಣುಮಕ್ಕಳು ಹೆಚ್ಚಲಿ ಅಂತ 2020ರಲ್ಲಿ ಬಂದದ್ದು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಸರ್ಬ್) ಅನುದಾನ, ಸರ್ಬ್-ಪವರ್. ಇದರ ಲೆಕ್ಕ ಸ್ವಲ್ಪ ನೋಡಿ. ಐಐಟಿ, ಐಐಎಸ್‌ಸಿಯವರಿಗೆ ಮೂರು ವರ್ಷಕ್ಕೆ 60 ಲಕ್ಷದವರೆಗೆ ಸಿಗುತ್ತಿತ್ತು. ರಾಜ್ಯದ ವಿವಿಯವರಿಗೆ? 30. ಒಳ್ಳೆ ಲ್ಯಾಬ್ ಮೊದಲೇ ಇರುವ ಕಡೆಗೇ ದುಪ್ಪಟ್ಟು! ಉದ್ದೇಶದ ಬಗ್ಗೆ ತಕರಾರಿಲ್ಲ, ಈ ಹಂಚಿಕೆ ಮಾತ್ರ ನನಗೆ ಒಪ್ಪಿಗೆಯಾಗಲ್ಲ.

ಈಗ ಸರ್ಬ್ ಇಲ್ಲ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ (ಎಎನ್‌ಆರ್‌ಎಫ್) ಅದರ ಜಾಗದಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದ ಸಂಶೋಧಕರಿಗೆ ಅಲ್ಲಿ ಪ್ರತ್ಯೇಕ ಅನುದಾನವೇ ಇದೆ. ಯುವ ಅಧ್ಯಾಪಕರಿಗೆ ಇನ್ನೊಂದು.

ಅಂದಹಾಗೆ, ಇವಕ್ಕೆಲ್ಲ ಕಾಯಂ ಹುದ್ದೆ ಬೇಕು. ಅದೇ ಹುಡುಗಿ ಹಿರಿಯೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ ಆಗಿದ್ದರೆ, ಅರ್ಜಿ ಹಾಕೋಕೂ ಆಗಲ್ಲ.