ಆಘಾತಸ್ಮೃತಿಯ ಚಿಕಿತ್ಸೆ

ಘೋರವಾದ ಅನುಭವವೊಂದು ಕಳೆದುಹೋದ ಮೇಲೂ ಅದರ ನೆನಪು ಕೆಲವರನ್ನು ಬಿಡದೆ ಕಾಡುವುದುಂಟು. ಹಗಲೆಲ್ಲ ಮರೆಯಲೆತ್ನಿಸಿದವನಿಗೆ ಅದೇ ದೃಶ್ಯವು ರಾತ್ರಿ ಕನಸಾಗಿ ಮರಳುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ಈ ವ್ಯಾಧಿಗೆ ತನ್ನ ರೋಗನಿರ್ಣಯ ಗ್ರಂಥದಲ್ಲಿ ಪ್ರತ್ಯೇಕ ಸ್ಥಾನವನ್ನು ಕೊಟ್ಟದ್ದು 1980ರಲ್ಲಿ. ಆದರೆ ಚಿಕಿತ್ಸೆಯ ಮೂಲಪ್ರಶ್ನೆಯು ಅದಕ್ಕಿಂತ ಹಳೆಯದು: ಇಂಥ ನೆನಪನ್ನು ಮರೆಯಿಸಬೇಕೋ, ಹೇಳಿಸಬೇಕೋ? ಇದನ್ನು ವಿವೇಚಿಸಿದವರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಎಚ್. ಆರ್. ರಿವರ್ಸ್ (1864–1922) ಎಂಬವರು ಪ್ರಮುಖರು.

ರಿವರ್ಸರು ವೈದ್ಯರು, ಮನಶ್ಶಾಸ್ತ್ರಜ್ಞರು. ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಪ್ರಕಟವಾದ ಗ್ರಂಥದ ಕರ್ತೃಗಳೂ ಅವರೇ. 1914ರ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಮೈಮೇಲೆ ಗಾಯವಿಲ್ಲದೆಯೂ ನಡುಕ, ಮೂಕತನ, ದುಃಸ್ವಪ್ನಗಳಿಗೆ ಗುರಿಯಾದರು. ಇದನ್ನು ಹೇಡಿತನವೆಂದು ಹಳಿದವರುಂಟು. ವಿದ್ಯುತ್ಪ್ರಯೋಗದಿಂದ ಮೂಕರಿಗೆ ಮಾತು ಬರಿಸಹೊರಟ ವೈದ್ಯರೂ ಉಂಟು. ಹಲವರು ಕೊಟ್ಟ ಉಪದೇಶವಾದರೋ, ಯುದ್ಧದ ಯೋಚನೆಯನ್ನೇ ಬಿಟ್ಟುಬಿಡಬೇಕೆಂಬುದು. ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ 1916–17ರಲ್ಲಿ ಸೇನಾಧಿಕಾರಿಗಳಿಗೆ ಚಿಕಿತ್ಸೆ ಮಾಡಿದ ರಿವರ್ಸರು ಈ ಉಪದೇಶವೇ ರೋಗವನ್ನು ಬೆಳೆಸುತ್ತದೆಂದು ಕಂಡರು. 1917ರ ಡಿಸೆಂಬರಿನಲ್ಲಿ ಅವರು ಓದಿದ ಪ್ರಬಂಧವು ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪ್ರಬಂಧದಲ್ಲಿ ಬರುವ ಎರಡು ದೃಷ್ಟಾಂತಗಳು ವಿಚಾರಾರ್ಹವಾಗಿವೆ. ಸ್ಫೋಟದಲ್ಲಿ ಛಿದ್ರವಾದ ಸ್ನೇಹಿತನ ದೇಹವನ್ನು ಕಂಡ ಅಧಿಕಾರಿಯೊಬ್ಬನಿಗೆ ಆ ಸ್ನೇಹಿತನೇ ವಿಕಾರರೂಪದಿಂದ ಕನಸಿನಲ್ಲಿ ಬರುತ್ತಿದ್ದನು. ದೇಹವು ಹಾಗೆ ಛಿದ್ರವಾದುದೇ ಸ್ನೇಹಿತನು ನರಳದೆ ತತ್‌ಕ್ಷಣ ಸತ್ತನೆಂಬುದಕ್ಕೆ ಸಾಕ್ಷಿಯೆಂದು ರಿವರ್ಸರು ತೋರಿಸಿಕೊಟ್ಟರು. ರೋಗಿಯು ಅಂದಿನಿಂದ ಆ ನೆನಪನ್ನು ತಳ್ಳದೆ ಈ ದೃಷ್ಟಿಯಿಂದ ನೆನೆಯತೊಡಗಿದನು. ಕನಸಿನಲ್ಲಿ ಭಯವಳಿದು ಶೋಕವು ಉಳಿಯಿತು. ಇನ್ನೊಬ್ಬನು ಸ್ಫೋಟದಿಂದ ಚಿಮ್ಮಲ್ಪಟ್ಟು, ಕೊಳೆತ ಶವವೊಂದರ ಮೇಲೆ ಮುಖವಡಿಯಾಗಿ ಬಿದ್ದವನು. ಆ ಅನುಭವದಲ್ಲಿ ಮನಸ್ಸಿಗೆ ಆಸರೆಯಾಗುವ ಅಂಶವೊಂದೂ ದೊರೆಯಲಿಲ್ಲ. ರಿವರ್ಸರು ಅವನನ್ನು ಬಲಾತ್ಕಾರದಿಂದ ನೆನೆಯಿಸದೆ, ಸೈನ್ಯವನ್ನು ಬಿಟ್ಟು ಹಳ್ಳಿಯ ಪ್ರಶಾಂತ ಜೀವನಕ್ಕೆ ತೆರಳುವಂತೆ ಮಾಡಿದರು. ಹೇಳಿಸುವುದೇ ಔಷಧವಲ್ಲ, ನೆನಪು ಸಹಿಸತಕ್ಕ ಅರ್ಥವನ್ನು ಪಡೆಯುವುದು ಔಷಧವೆಂಬುದೇ ಇದರ ತಾತ್ಪರ್ಯ.

ಆದರೆ ಒಬ್ಬ ವೈದ್ಯನ ಅನುಭವವು ಎಷ್ಟೇ ಸೂಕ್ಷ್ಮವಾಗಿದ್ದರೂ ಪ್ರಮಾಣವೆನಿಸದು. ಚಿಕಿತ್ಸೆಯಿಲ್ಲದೆಯೂ ಅನೇಕರು ಕಾಲಕ್ರಮದಲ್ಲಿ ಗುಣಹೊಂದುವುದರಿಂದ, ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ ಫಲವನ್ನು ಹೋಲಿಸಬೇಕಾಗುತ್ತದೆ. ಎಡ್ನಾ ಫೋವಾ ಎಂಬ ವಿದುಷಿಯೂ ಸಂಗಡಿಗರೂ ಅತ್ಯಾಚಾರಕ್ಕೊಳಗಾದ ಸ್ತ್ರೀಯರ ವಿಷಯದಲ್ಲಿ 1991ರಲ್ಲಿ ಇಂಥ ಪರೀಕ್ಷೆಯನ್ನು ಪ್ರಕಟಿಸಿದರು. ಭಯದ ನೆನಪನ್ನು ಹಲವು ಭೇಟಿಗಳಲ್ಲಿ, ಕ್ರಮವಾಗಿ ಎದುರಿಸುವ ಚಿಕಿತ್ಸೆಯು ಮುಂದಿನ ಪರೀಕ್ಷೆಗಳಲ್ಲಿಯೂ ನಿಂತಿತು. ದುರಂತವಾದೊಡನೆ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿಯಾದರೋ ವ್ಯಾಧಿಯನ್ನು ತಡೆಯಲಿಲ್ಲ. ಸುಟ್ಟಗಾಯಗಳಾದವರ ಪರೀಕ್ಷೆಯೊಂದರಲ್ಲಿ, ಹಾಗೆ ಹೇಳಿಸಿದವರ ಗುಂಪಿನಲ್ಲಿಯೇ ವ್ಯಾಧಿಯು ಹೆಚ್ಚಾಗಿ ಕಂಡುಬಂದಿತು. ಸದ್ಭಾವನೆಯಿಂದ ಹುಟ್ಟಿದ ಪದ್ಧತಿಯೂ ಹಾನಿಮಾಡಬಲ್ಲದೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಇನ್ನೊಂದು ಪ್ರಶ್ನೆಯು ಏಳುತ್ತದೆ: ಚಿಕಿತ್ಸೆಯು ಯಾರ ಪ್ರಯೋಜನಕ್ಕಾಗಿ? ಯುದ್ಧವನ್ನು ಬಹಿರಂಗವಾಗಿ ಖಂಡಿಸಿ 1917ರಲ್ಲಿ ಕ್ರೇಗ್‌ಲಾಕ್‌ಹಾರ್ಟಿಗೆ ಕಳುಹಿಸಲ್ಪಟ್ಟ ಕವಿ ಸೀಗ್‌ಫ್ರೀಡ್ ಸಸೂನ್ ರಿವರ್ಸರ ರೋಗಿಯಾಗಿದ್ದು, ಅದೇ ವರ್ಷ ಪುನಃ ಸೇವೆಗೆ ಹೊರಟರು. ಸೈನಿಕರನ್ನು ಮತ್ತೆ ಯುದ್ಧಕ್ಕೆ ಯೋಗ್ಯರನ್ನಾಗಿ ಮಾಡುವುದೇ ಸೇನೆಯ ಆಸ್ಪತ್ರೆಯ ಉದ್ದೇಶವಾಗಿದ್ದಿತು. ಜುಡಿತ್ ಹರ್ಮನ್ ಎಂಬ ಅಮೆರಿಕದ ಮನೋವೈದ್ಯೆಯು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿಕಿತ್ಸೆಗೆ ಮೂರು ಹಂತಗಳನ್ನು ಹೇಳಿದ್ದಾರೆ: ಮೊದಲು ಅಭಯ, ಬಳಿಕ ಸ್ಮರಣೆ ಮತ್ತು ಶೋಕ, ಕಡೆಗೆ ಲೋಕದೊಡನೆ ಪುನಸ್ಸಂಬಂಧ. ಆಘಾತವು ಮನುಷ್ಯನ ಸ್ವಾತಂತ್ರ್ಯವನ್ನೇ ಕಸಿಯುವುದರಿಂದ, ಆತನ ಸಮ್ಮತಿಯಿಲ್ಲದೆ ನಡೆಯುವ ಚಿಕಿತ್ಸೆಯು ಆ ಆಘಾತವನ್ನೇ ಅನುಕರಿಸುತ್ತದೆಂದು ಅವರ ಅಭಿಪ್ರಾಯದ ಸಾರ. ಆದುದರಿಂದ ಪ್ರಮಾಣಸಿದ್ಧವಾದ ವಿಧಾನವೊಂದನ್ನು ತಿಳಿದಮಾತ್ರಕ್ಕೆ ಚಿಕಿತ್ಸಕನ ಕರ್ತವ್ಯವು ಮುಗಿಯುವುದಿಲ್ಲ. ಯಾವಾಗ, ಎಷ್ಟು, ಯಾರ ಮುಂದೆ ಹೇಳಬೇಕೆಂಬುದನ್ನು ನೊಂದವನೇ ನಿರ್ಧರಿಸುವಂತಾಗಬೇಕು.