ಗಬ್ಬದ ತಾರೀಖು ಗೋಡೆಯ ಮೇಲಿರಲಿ

ಕೃತಕ ಗರ್ಭಧಾರಣೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಆಕಳು ಗಬ್ಬ ಕಟ್ಟಿತೋ ಇಲ್ಲವೋ ಎಂಬಲ್ಲಿಗೆ ನಿಂತುಬಿಡುತ್ತದೆ. ಯಾವ ತಳಿಯ ಹೋರಿ, ಎಷ್ಟನೇ ಸಲಕ್ಕೆ ನಿಂತಿತು, ಹೆಣ್ಣುಗರು ಹುಟ್ಟೀತೇ, ಎಷ್ಟು ಲೀಟರ್ ಹಾಲು ಬಂದೀತು ಎಂದು ಕೇಳುತ್ತೇವೆ. ಆದರೆ ಹೈನುಗಾರನ ಲಾಭ ನಷ್ಟ ನಿಜಕ್ಕೂ ತೀರ್ಮಾನವಾಗುವುದು ಈಯುವುದಕ್ಕೆ ಮುಂಚಿನ ಎರಡು ತಿಂಗಳು ಮತ್ತು ಈದ ಮೇಲಿನ ಮೊದಲ ವಾರದಲ್ಲಿ. ಕರು ಅಡ್ಡ ಸಿಕ್ಕಿಕೊಂಡರೆ, ಮಾಸು ಬೀಳದಿದ್ದರೆ, ಈದ ಮರುದಿನ ಆಕಳು ಮೇಲೇಳದೆ ಮಲಗಿದರೆ, ವರ್ಷದ ಮೇವು, ದುಡಿಮೆ, ಸಾಲದ ಕಂತು ಎಲ್ಲವೂ ಒಂದೇ ರಾತ್ರಿಯಲ್ಲಿ ಕೈಬಿಟ್ಟು ಹೋಗಬಹುದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಮೇವು ಮತ್ತು ಬಿಸಿಲನ್ನು ಗಮನಿಸಿದರೆ ಈ ಅಪಾಯ ಇಲ್ಲಿ ಬೇರೆಡೆಗಿಂತ ಹೆಚ್ಚು. ಅದನ್ನು ತಗ್ಗಿಸುವ ಸಾಧನವೂ ಕೃತಕ ಗರ್ಭಧಾರಣೆಯ ಜೊತೆಗೇ ರೈತನ ಕೈಗೆ ಬಂದಿದೆ. ಅದು ತಾರೀಖು. ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದೇ ನನ್ನ ವಾದ.

ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ಕೈಗೂಡಿದ್ದು ನಮ್ಮ ರಾಜ್ಯದಲ್ಲೇ. 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಆಕಳುಗಳಿಗೆ ಕೊಟ್ಟರು. 33 ಆಕಳು ಗಬ್ಬ ಕಟ್ಟಿದವು. ಆಗ ವೀರ್ಯವನ್ನು ಬಹಳ ದಿನ ಕಾಪಿಡುವಂತಿರಲಿಲ್ಲ. ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸಿದರೆ ವೀರ್ಯಾಣು ಬದುಕುಳಿಯುತ್ತದೆಂದು ಇಂಗ್ಲೆಂಡಿನ ವಿಜ್ಞಾನಿಗಳು 1949ರಲ್ಲಿ ಕಂಡುಕೊಂಡ ಮೇಲೆ ದಾರಿ ತೆರೆಯಿತು. ಈಗ ಹೆಸರಘಟ್ಟದಂಥ ಕೇಂದ್ರದಲ್ಲಿ ವೀರ್ಯ ತುಂಬಿಸಿದ ನಳಿಕೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಕೊಂಡೇ ಸಿರುಗುಪ್ಪದ ಹಳ್ಳಿಗೆ ಬರುತ್ತದೆ. ಕಡ್ಡಿಯಷ್ಟು ಸಣ್ಣಗಿರುವ ಆ ಪ್ಲಾಸ್ಟಿಕ್ ನಳಿಕೆಯಲ್ಲಿ ಹಿಡಿಯುವುದು ಕಾಲು ಮಿಲಿಲೀಟರ್ ಮಾತ್ರ. ಅದರ ಮೈಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಾದ ಕೇಂದ್ರ, ದಿನ ಎಲ್ಲವೂ ಅಚ್ಚಾಗಿರುತ್ತದೆ. ಹೋರಿಯೊಂದಿಗೆ ಬಯಲಲ್ಲಿ ಮೇಯುವ ಆಕಳು ಯಾವತ್ತು ಗಬ್ಬವಾಯಿತೆಂದು ಯಾರೂ ಹೇಳಲಾರರು. ಕೆಚ್ಚಲು ಇಳಿದದ್ದನ್ನು ನೋಡಿಯೇ ಅಂದಾಜು ಮಾಡಬೇಕು. ನಳಿಕೆಯಿಂದ ಗಬ್ಬವಾದರೆ ಕರುವಿನ ಅಪ್ಪನೂ ಗೊತ್ತು, ದಿನವೂ ಗೊತ್ತು. ಅಲ್ಲಿಂದ ಈಯುವವರೆಗೆ ಆಕಳಾದರೆ ಸುಮಾರು 280 ದಿನ, ಎಮ್ಮೆಯಾದರೆ ಸುಮಾರು 310 ದಿನ. ನಾಲ್ಕಾರು ದಿನ ಹಿಂದೆ ಮುಂದೆ ಆದೀತು, ಅಷ್ಟೆ.

ಈ ತಾರೀಖು ಇಲ್ಲಿ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಉತ್ತರ ಬಣವೆಯಲ್ಲಿದೆ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಕುರುಗೋಡಿನ ನೀರಾವರಿ ಹೊಲಗಳಲ್ಲೂ ಭತ್ತ ತುಂಬಿತು. ಎರೆಹೊಲದ ಬಿಳಿಜೋಳ ಹಿಂದೆ ಸರಿದಷ್ಟೂ ಜೋಳದ ಕಣಿಕೆ ಕಡಿಮೆಯಾಗಿ ಭತ್ತದ ಹುಲ್ಲೇ ದನಗಳ ಮುಖ್ಯ ಮೇವಾಯಿತು. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕಡಿಮೆ. ಅದರಲ್ಲಿ ಸಿಲಿಕಾ ಹೆಚ್ಚು, ರಂಜಕ ಕಡಿಮೆ. ಇರುವ ಅಲ್ಪಸ್ವಲ್ಪ ಕ್ಯಾಲ್ಸಿಯಂ ಕೂಡ ಆಕ್ಸಲೇಟ್‌ಗೆ ಕಟ್ಟುಬಿದ್ದು ಮೈಗೆ ಪೂರ್ತಿ ಹತ್ತುವುದಿಲ್ಲ. ಜವಾರಿ ಆಕಳು ಎರಡು ಲೀಟರ್ ಹಾಲು ಕೊಟ್ಟುಕೊಂಡು ಈ ಮೇವಿನಲ್ಲಿ ಹೇಗೋ ನಿಭಾಯಿಸುತ್ತದೆ. ಮಿಶ್ರತಳಿಯ ಆಕಳು, ಮುರ್ರಾ ಎಮ್ಮೆ ಹಾಗಲ್ಲ. ಹತ್ತು ಲೀಟರ್ ಗಿಣ್ಣದ ಹಾಲಿನಲ್ಲಿ 20 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೊರಹೋಗುತ್ತದೆ. ಆಕಳಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಕೆಲವೇ ಗ್ರಾಂ. ಉಳಿದದ್ದನ್ನು ಎಲುಬಿನಿಂದ, ಮೇವಿನಿಂದ ತಕ್ಷಣ ಎಳೆದುಕೊಳ್ಳಲಾಗದಿದ್ದರೆ ಹಾಲುಜ್ವರ ಬರುತ್ತದೆ. ಮೈ ಸುಡುವುದಿಲ್ಲ, ಕಿವಿ ತಣ್ಣಗಾಗಿರುತ್ತವೆ, ಆಕಳು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುತ್ತದೆ. ಹೆಚ್ಚಿನವು ಬೀಳುವುದು ಈದ ಮೂರು ದಿನದೊಳಗೆ. ವೈದ್ಯರು ಬಂದು ಕ್ಯಾಲ್ಸಿಯಂ ಅನ್ನು ನರಕ್ಕೆ ನಿಧಾನವಾಗಿ ಏರಿಸಿದರೆ ಆಕಳು ಗಂಟೆಯೊಳಗೆ ಎದ್ದು ನಿಲ್ಲುವುದೂ ಉಂಟು. ಗೊತ್ತಿಲ್ಲದವರು ಅದನ್ನೇ ರಭಸದಿಂದ ಏರಿಸಿದರೆ ಹೃದಯ ನಿಂತುಹೋಗಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಕ್ಯಾಲ್ಸಿಯಂ ಕೊರತೆ ಎಂದಾಕ್ಷಣ ಗಬ್ಬದ ಕೊನೆಯ ವಾರಗಳಲ್ಲಿ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಕುಡಿಸುವವರಿದ್ದಾರೆ. ಆ ಹೊತ್ತಿನಲ್ಲಿ ಹೊರಗಿನಿಂದ ಧಾರಾಳವಾಗಿ ಸಿಕ್ಕಿದರೆ ಎಲುಬಿನಿಂದ ಎಳೆದುಕೊಳ್ಳುವ ವ್ಯವಸ್ಥೆ ಮಂಕಾಗಿ, ಈದ ದಿನ ಅದು ಎಚ್ಚರಗೊಳ್ಳುವುದರೊಳಗೆ ಆಕಳು ಮಲಗಿರುತ್ತದೆ. ಬೇಕಾದದ್ದು ಇಡೀ ಗಬ್ಬದ ಕಾಲದಲ್ಲಿ ಅಳತೆಯ ಖನಿಜ ಮಿಶ್ರಣ, ಕೊನೆಯ ಮೂರು ವಾರ ಸ್ವಲ್ಪ ಸ್ವಲ್ಪವೇ ಏರುವ ಹಿಂಡಿ, ಮತ್ತು ಈದ ದಿನ ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ. ಇವೆಲ್ಲಕ್ಕೂ ದಿನದ ಲೆಕ್ಕ ಬೇಕು. ಹಾಲು ಬತ್ತಿಸುವುದಕ್ಕೂ ಅಷ್ಟೆ. ಈಯುವ ದಿನಕ್ಕೆ ಎರಡು ತಿಂಗಳ ಮುಂಚೆ, ಅಂದರೆ ಆಕಳಿಗೆ ಸುಮಾರು 220ನೇ ದಿನಕ್ಕೆ ಕರೆಯುವುದನ್ನು ನಿಲ್ಲಿಸಬೇಕು. ಹೊಟ್ಟೆಯ ಕರುವಿನ ತೂಕದ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕೊನೆಯ ಎರಡು ಮೂರು ತಿಂಗಳಲ್ಲೇ. ಎರಡು ತಿಂಗಳ ಹಾಲು ಬಿಟ್ಟುಕೊಡುವುದು ಡೇರಿಯ ಬಟವಾಡೆಯನ್ನೇ ನಂಬಿದ ಮನೆಗೆ ಕಷ್ಟ, ಒಪ್ಪುತ್ತೇನೆ. ಆದರೆ ಗಬ್ಬದ ಕೊನೆಯವರೆಗೂ ಕರೆದ ಆಕಳಿನ ಕೆಚ್ಚಲಿಗೆ ವಿಶ್ರಾಂತಿ ಸಿಗದೆ ಮುಂದಿನ ಸೂಲಿನ ಹಾಲೇ ಕುಗ್ಗುತ್ತದೆ. ಈಗ ಉಳಿದಂತೆ ಕಾಣುವ ಹಣ ಮುಂದೆ ದುಪ್ಪಟ್ಟಾಗಿ ಕಳೆಯುತ್ತದೆ.

ಬಿಸಿಲಿನ ಮಾತೂ ಇದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸತೇನಲ್ಲ. ಯೂರೋಪಿನ ರಕ್ತವಿರುವ ಆಕಳಿಗೆ ಆ ಸೆಕೆಯಲ್ಲಿ ಗಬ್ಬದ ಕೊನೆಯ ದಿನಗಳನ್ನು ಕಳೆಯುವುದು ದೊಡ್ಡ ಹೊರೆ. ಕರು ಕಡಿಮೆ ತೂಕದ್ದಾಗಿ ಹುಟ್ಟುತ್ತದೆ, ತಾಯಿಯ ಹಾಲೂ ಇಳಿಯುತ್ತದೆ. 280 ದಿನದ ಲೆಕ್ಕ ಹಾಕಿದರೆ ಜುಲೈ, ಆಗಸ್ಟ್‌ನಲ್ಲಿ ಗರ್ಭಧಾರಣೆ ಮಾಡಿಸಿದ ಆಕಳು ಏಪ್ರಿಲ್‌ನಿಂದ ಜೂನ್ ಮೊದಲ ವಾರದೊಳಗೆ ಈಯುತ್ತದೆ. ಹೊರದೇಶದ ರಾಂಚುಗಳಲ್ಲಿ ಈಯುವ ಕಾಲವನ್ನೇ ಮೊದಲು ಗೊತ್ತುಮಾಡಿಕೊಂಡು, ಅದರಿಂದ ಹಿಂದಕ್ಕೆ ಎಣಿಸಿ ಗರ್ಭಧಾರಣೆ ಮಾಡಿಸುತ್ತಾರೆ. ಎರಡು ಆಕಳು ಕಟ್ಟಿದ ನಮ್ಮ ರೈತ ಬೆದೆಯನ್ನು ಸುಮ್ಮನೆ ಬಿಟ್ಟುಕೊಡಲಾರ ಎಂಬುದು ನಿಜ. ಹಾಗಾಗಿ ಜುಲೈ, ಆಗಸ್ಟ್‌ನ ಬೆದೆ ಬಿಡಿ ಎಂಬ ನಿಯಮವನ್ನು ಎಲ್ಲ ಆಕಳಿಗೂ ಹೇಳುವುದು ಸರಿಯಲ್ಲ. ಮೊದಲ ಸಲ ಗಬ್ಬವಾಗಬೇಕಾದ ಮಿಶ್ರತಳಿಯ ಮಣಕಕ್ಕಾದರೂ ಒಂದೆರಡು ಬೆದೆ ಕಾಯಬಹುದು. ಎಮ್ಮೆ ಈ ವಿಷಯದಲ್ಲಿ ತಾನೇ ಜಾಣತನ ತೋರುತ್ತದೆ. ಚಳಿಗಾಲದ ಆಸುಪಾಸಿನಲ್ಲೇ ಹೆಚ್ಚಾಗಿ ಬೆದೆಗೆ ಬಂದು ಮಳೆಗಾಲ, ಅದರ ಬೆನ್ನಿಗೆ ಬರುವ ತಂಪಿನಲ್ಲಿ ಈಯುತ್ತದೆ.

ತಾರೀಖು ಗೊತ್ತಿದ್ದರೆ ಈಯುವ ಹೊತ್ತನ್ನೂ ಸ್ವಲ್ಪ ಮಟ್ಟಿಗೆ ಹಗಲಿಗೆ ಎಳೆದುಕೊಳ್ಳಬಹುದು. ಕೆನಡಾದ ಮ್ಯಾನಿಟೋಬಾದ ದನಗಾರ ಗಸ್ ಕೊನೆಫಾಲ್ ಗಬ್ಬದ ಆಕಳುಗಳಿಗೆ ರಾತ್ರಿ ತಡವಾಗಿ ಮೇವು ಹಾಕಿ ನೋಡಿದಾಗ ಹೆಚ್ಚಿನವು ಹಗಲಲ್ಲೇ ಈದವು. ಅಮೆರಿಕದ ಸಂಶೋಧಕರು ಸಂಜೆ ಮೇವು ಹಾಕಿ ನಡೆಸಿದ ಪ್ರಯೋಗಗಳಲ್ಲೂ ಅದೇ ಕಂಡಿತು. ನಮ್ಮ ಕೊಟ್ಟಿಗೆಗಳಲ್ಲಿ ಕೊನೆಯ ಕೆಲವು ವಾರ ದಿನದ ಮೇವಿನ ದೊಡ್ಡ ಪಾಲನ್ನು ಕತ್ತಲಾದ ಮೇಲೆ ಹಾಕುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಬಾಲದ ಬುಡದ ಎರಡೂ ಕಡೆ ಮಾಂಸ ಸಡಿಲಾಗಿ ಗುಳಿಬಿದ್ದರೆ ಒಂದೆರಡು ದಿನದ ಮಾತು. ನೀರುಚೀಲ ಒಡೆದ ಮೇಲೆ ಕಣ್ಣಿಗೆ ಬೀಳಬೇಕಾದದ್ದು ಎರಡು ಮುಂಗಾಲು, ಗೊರಸಿನ ಅಡಿ ನೆಲದ ಕಡೆ. ಅವುಗಳ ಮೇಲೆ ಆನಿಸಿಕೊಂಡ ಮೂತಿ. ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ ಹಿಂಗಾಲಿರಬಹುದು. ಒಂದೇ ಕಾಲು ಬಂದರೆ, ಕಾಲು ಬಂದು ಮೂತಿ ಕಾಣದಿದ್ದರೆ, ಒಂದೆರಡು ಗಂಟೆ ತಿಣುಕಿದರೂ ಮುಂದಕ್ಕೆ ಸಾಗದಿದ್ದರೆ ನಾಲ್ಕು ಜನ ಸೇರಿ ಹಗ್ಗ ಎಳೆಯುವುದು ತಾಯಿ ಕರು ಇಬ್ಬರನ್ನೂ ಕೊಲ್ಲುವ ದಾರಿ. ಮಾಸು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆಯೊಳಗೆ ಬೀಳುತ್ತದೆ. ಅದಕ್ಕೆ ಕಲ್ಲು ಕಟ್ಟಿ ಜಗ್ಗಬಾರದು. ಮಾಸು ಬೀಳುವ ತನಕ ಕರುವಿಗೆ ಗಿಣ್ಣದ ಹಾಲು ಬಿಡಬಾರದೆಂಬ ರೂಢಿ ಎಷ್ಟು ಕರುಗಳ ಜೀವ ತೆಗೆದಿದೆಯೋ! ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದು ಆ ಹಾಲಿನಿಂದ ಮಾತ್ರ, ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತ ಒಂದು ದಿನದಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಕರು ಮೊಲೆ ಚೀಪಿದರೆ ಗರ್ಭಕೋಶ ಬಿಗಿದು ಮಾಸು ಬೀಳಲು ಸಹಾಯವೇ ಆಗುತ್ತದೆ.

ಜವಾರಿ ಆಕಳು ಯಾರ ನೆರವೂ ಇಲ್ಲದೆ ಹೊಲದ ಬದುವಿನಲ್ಲಿ ಈಯುತ್ತಿತ್ತು, ಈ ಕಷ್ಟವೆಲ್ಲ ಇಂಜೆಕ್ಷನ್ ಕರುಗಳಿಂದ ಬಂದದ್ದು ಎಂಬ ಆಕ್ಷೇಪವನ್ನು ಹಿರಿಯರು ಎತ್ತುತ್ತಾರೆ. ಇದರಲ್ಲಿ ಸತ್ಯವಿದೆ. ಹೋಲ್‌ಸ್ಟೀನ್ ಕರು ಹುಟ್ಟುವಾಗಲೇ 40 ಕಿಲೋ ಆಸುಪಾಸು ತೂಗುತ್ತದೆ, ಜವಾರಿ ಕರು ಅದರ ಅರ್ಧದಷ್ಟು. ಸಣ್ಣ ಮೈಕಟ್ಟಿನ ಆಕಳಿಗೆ ದೊಡ್ಡ ಹೋರಿಯ ವೀರ್ಯ ಕೊಟ್ಟರೆ ದಾರಿ ಇಕ್ಕಟ್ಟಾಗುತ್ತದೆ. ತಪ್ಪು ಪದ್ಧತಿಯದ್ದಲ್ಲ, ಜೋಡಿಯದ್ದು. ಅಷ್ಟೇ ದೊಡ್ಡ ಹೋರಿಯನ್ನು ಎದುರಿಗೆ ತಂದು ಹಾರಿಸಿದ್ದರೂ ಆಗುತ್ತಿದ್ದದ್ದು ಇದೇ. ಎಮ್ಮೆಗಳಲ್ಲಿ ಈಯುವಾಗ ಕಷ್ಟಕ್ಕೆ ಮುಖ್ಯ ಕಾರಣ ಗರ್ಭಕೋಶ ತಿರುಚಿಕೊಳ್ಳುವುದು; ಅದು ಕೋಣದಿಂದ ಗಬ್ಬವಾದ ಎಮ್ಮೆಯನ್ನೂ ಬಿಡುವುದಿಲ್ಲ. ಸಣ್ಣ ಆಕಳಿಗೆ ಜೆರ್ಸಿ ಅಥವಾ ದೇಸಿ ತಳಿಯ ನಳಿಕೆ ಕೇಳಿ ಹಾಕಿಸಬಹುದು. ಮೊದಲ ಸೂಲಿನ ಮಿಶ್ರತಳಿ ಮಣಕಕ್ಕೆ ಲಿಂಗ ವಿಂಗಡಿಸಿದ ವೀರ್ಯ ಒಳ್ಳೆಯದು. ಅದರಲ್ಲಿ ಸುಮಾರು ನೂರಕ್ಕೆ 90 ಹೆಣ್ಣುಗರುಗಳು ಹುಟ್ಟುತ್ತವೆ, ಹೆಣ್ಣುಗರು ಗಂಡಿಗಿಂತ ಹಗುರ. ಗಬ್ಬ ನಿಲ್ಲುವ ಪ್ರಮಾಣ ಮಾತ್ರ ಸಾಮಾನ್ಯ ವೀರ್ಯಕ್ಕಿಂತ ಸ್ವಲ್ಪ ಕಡಿಮೆ. ಹೋರಿಯನ್ನು ಹೀಗೆ ಆರಿಸಿಕೊಳ್ಳುವ ಅವಕಾಶ ಊರ ಹೋರಿಯನ್ನು ನಂಬಿದ್ದ ಕಾಲದಲ್ಲಿ ಇರಲಿಲ್ಲ.

ಮೂರು ನಾಲ್ಕು ಸಲ ಮಾಡಿಸಿದ ಮೇಲೆ ನಿಲ್ಲುವ ಆಕಳಿಗೆ ಯಾವ ತಾರೀಖು ಎಂದು ಕೇಳಬಹುದು. ಕೊನೆಯ ಸಲದ ತಾರೀಖು ಬರೆದಿಟ್ಟು, ಮೂರು ತಿಂಗಳೊಳಗೆ ಗಬ್ಬದ ಪರೀಕ್ಷೆ ಮಾಡಿಸಿದರೆ ಗೊಂದಲ ಉಳಿಯದು. ಬಳ್ಳಾರಿ ನಗರದ ಅಂಚಿನಲ್ಲಿ ಸಂತೆಯಿಂದ ಗಬ್ಬದ ಎಮ್ಮೆ ತಂದು ಕಟ್ಟುವವರ ಕಷ್ಟ ಬೇರೆ. ಮಾರಿದವನ ಬಾಯಿಮಾತೇ ಅವರಿಗೆ ದಾಖಲೆ. ಆದರೆ ಆ ಎಮ್ಮೆಯ ಕಿವಿಯಲ್ಲಿ 12 ಅಂಕಿಯ ಕಿವಿಯೋಲೆ ಇದ್ದರೆ, ಗರ್ಭಧಾರಣೆ ದಾಖಲಾಗಿದ್ದರೆ, ಪಶು ಆಸ್ಪತ್ರೆಯವರು ಭಾರತ್ ಪಶುಧನ್ ಆ್ಯಪಿನಲ್ಲಿ ದಿನ ತೆಗೆದು ಹೇಳಬಲ್ಲರು. 2019ರಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಕೃತಕ ಗರ್ಭಧಾರಣೆ ಕಾರ್ಯಕ್ರಮದಲ್ಲೂ ಓಲೆಯ ಸಂಖ್ಯೆಯೊಂದಿಗೆ ಇದನ್ನೆಲ್ಲ ದಾಖಲಿಸುವ ವ್ಯವಸ್ಥೆಯಿದೆ. ವೈದ್ಯರು ಸಾಲದು, ಇರುವವರ ಮೇಲೆ ಇನ್ನಷ್ಟು ಹೊರೆ ಬೇಡ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರೈತನಿಗೆ ತಾರೀಖು ನೆನಪಿಸುವ ಕೆಲಸಕ್ಕೆ ಹೊಸ ವೈದ್ಯರು ಬೇಕಿಲ್ಲ. ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ತಾರೀಖಿನಿಂದ 220ನೇ ದಿನಕ್ಕೊಂದು, 260ನೇ ದಿನಕ್ಕೊಂದು ಕನ್ನಡದ ಸಂದೇಶ ರೈತನ ಫೋನಿಗೆ ಹೋದರೆ ಸಾಕು. ಎಮ್ಮೆಗೆ ಇದನ್ನೇ ಒಂದು ತಿಂಗಳು ಮುಂದೂಡಬೇಕು. ಇಲಾಖೆಯೂ ಬಳ್ಳಾರಿಯಲ್ಲೇ ಕೇಂದ್ರ ಕಚೇರಿಯಿರುವ ಹಾಲು ಒಕ್ಕೂಟವೂ ಮನಸ್ಸು ಮಾಡಿದರೆ ಆಗುವ ಕೆಲಸವಿದು. ಊರಲ್ಲಿ ದನಕರುಗಳ ಆರೈಕೆಗೆ ನೆರವಾಗುವ ಪಶುಸಖಿಯರಿಗೆ ಆ ತಿಂಗಳು ಈಯುವ ದನಗಳ ಪಟ್ಟಿ ಕೊಟ್ಟರೆ ಇನ್ನೂ ಒಳ್ಳೆಯದು.

ಅಂಥ ಸಂದೇಶ ಬರುವ ತನಕ ಹೈನುಗಾರರು ತಾವೇ ಮಾಡಿಕೊಳ್ಳಬಹುದಾದ ಕೆಲಸ ಸರಳ. ಗರ್ಭಧಾರಣೆ ಮಾಡಲು ಬಂದವರಿಂದ ಹೋರಿಯ ಸಂಖ್ಯೆ, ತಳಿ, ದಿನ ಕೇಳಿ ಕೊಟ್ಟಿಗೆಯ ಗೋಡೆಗೆ ಸುಣ್ಣದಲ್ಲೋ ಇದ್ದಿಲಲ್ಲೋ ಬರೆಯಿರಿ. ಪಕ್ಕದಲ್ಲೇ ಹಾಲು ಬತ್ತಿಸುವ ದಿನ, ಈಯುವ ದಿನ ಬರೆಯಿರಿ. ಈಯುವಾಗ ತೊಡಕಾದರೆ ಹಗ್ಗಕ್ಕೆ ಕೈ ಹಾಕುವ ಮೊದಲು ಹತ್ತಿರದ ಪಶುವೈದ್ಯರಿಗೋ 1962 ಸಹಾಯವಾಣಿಗೋ ಫೋನ್ ಮಾಡಿ. ಎಷ್ಟನೇ ಸೂಲು, ನೀರುಚೀಲ ಒಡೆದು ಎಷ್ಟು ಹೊತ್ತಾಯಿತು, ಈಗ ಏನು ಕಾಣುತ್ತಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.